ಅಕ್ಕನಿಲ್ಲದ ನಾಲ್ಕು ದಿನ

ಅಕ್ಕನನ್ನು ಬಿಟ್ಟು ಬಂದ ದಿನ ಮಧ್ಯಾಹ್ನ ನಮ್ಮ ಮನೆ ಹತ್ತಿರದ ಉಡುಪಿ ಹೋಟೆಲಿಗೆ ಹೋಗಿ ಮಸಾಲೆ ದೋಸೆ ತರಿಸಿಕೊಂಡೆ. ದೋಸೆಯನ್ನು ಸಣ್ಣ ಸಣ್ಣ ತುಂಡು ಮಾಡಿ, ಸಾಂಬಾರು ಊದಿ ಆರಿಸಿ, ತಟ್ಟೆಯನ್ನು ಎದುರಿನ ಕುರ್ಚಿಯತ್ತ ಸರಿಸಿದೆ. ಕುರ್ಚಿ ಖಾಲಿ ಇತ್ತು. ಗಲ್ಲಾದಲ್ಲಿ ಕೂತಿದ್ದ ಕುಂದಾಪುರದ ಮಾಲೀಕರು ನೋಡಿಯೂ ನೋಡದವರಂತೆ, "ಅಕ್ಕ ಬರ್ಲಿಲ್ವಾ ಇವತ್ತು?" ಎಂದರು. "ಊರಿಗೆ ಹೋಗ್ಯಾಳ್ರಿ" ಎಂದೆ. ಆಮೇಲೆ ತಟ್ಟೆಯನ್ನು ನನ್ನತ್ತ ಎಳೆದುಕೊಂಡು ತಣ್ಣಗಾದ ತುಂಡುಗಳನ್ನು ನಾನೇ ತಿಂದೆ.

ಅಕ್ಕನಿಗೆ ಊರು ಅಂತ ಎಲ್ಲಿದೆ? ಧಾರವಾಡದಿಂದ ಅಪ್ಪನ ನೌಕರಿಯ ಹಿಂದೆ ಪುಣೆಗೆ ಬಂದವರು ನಾವು. ಅಪ್ಪ ಅವ್ವ ಹೋದ ಮೇಲೆ ಉಳಿದವರು ಇಬ್ಬರೇ. ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಬುದ್ಧಿ ಮಾತ್ರ ಹುಟ್ಟಿದಾಗಿನಿಂದ ಸಾವಕಾಶ, ಚಿಕ್ಕ ಮಗುವಿನಷ್ಟಕ್ಕೇ ನಿಂತುಬಿಟ್ಟಿದೆ. ಸ್ನಾನ ಮಾಡಿಸಬೇಕು, ತಲೆ ಬಾಚಬೇಕು, ಎಬ್ಬಿಸಿ ಕೂರಿಸಬೇಕು. ಮಾರ್ಕೆಟ್ ಯಾರ್ಡಿನ ದಲಾಲಿ ಅಂಗಡಿಯೊಂದರಲ್ಲಿ ನಾನು ಬಿಲ್ಲು ಬರೆಯುವಾಗ ಅವಳು ಬೆಳ್ಳುಳ್ಳಿ ಚೀಲಗಳ ನಡುವೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಅಂಗಡಿಯ ಒಡತಿಯೇ ತಾನು ಎನ್ನುವ ಗತ್ತಿನಲ್ಲಿ ಕೂತಿರುತ್ತಾಳೆ.

ನನ್ನ ಸೊಂಟ ಕೈಕೊಟ್ಟಾಗ ಡಾಕ್ಟರು ಬೈದರು. ಹೀಗೇ ಎತ್ತಿ ಇಳಿಸುತ್ತಿದ್ದರೆ ನಾಳೆ ನಿಮ್ಮನ್ನೇ ಎತ್ತಬೇಕಾಗುತ್ತದೆ, ಸ್ವಲ್ಪ ದಿನ ಅಕ್ಕನನ್ನು ಎಲ್ಲಾದರೂ ಬಿಡಿ ಎಂದರು. ಇಂಥವರನ್ನು ನಾಲ್ಕಾರು ದಿನ ಇಟ್ಟುಕೊಂಡು, ನೋಡಿಕೊಳ್ಳುವವರಿಗೆ ಉಸಿರಾಡಲು ಬಿಡುವು ಕೊಡುವ ಮನೆಯೊಂದರ ವಿಳಾಸವನ್ನೂ ಅವರೇ ಕೊಟ್ಟರು. ಊರಿನ ಇನ್ನೊಂದು ತುದಿಯಲ್ಲಿತ್ತು. ಅದನ್ನು ನಡೆಸುವ ಮರಾಠಿ ಹೆಂಗಸು ಒಳ್ಳೆಯವಳು. "ಕಾಳಜಿ ಕರೂ ನಕಾ", ಚಿಂತೆ ಮಾಡಬೇಡಿ ಎಂದು ನನ್ನ ಬೆನ್ನು ಸವರಿದಳು. ನಾಲ್ಕು ದಿನ ಫೋನು ಮಾಡಬೇಡಿ, ದನಿ ಕೇಳಿದರೆ ಅವರು ಹಟ ಹಿಡಿಯುತ್ತಾರೆ ಎಂದಳು. ಬಾಗಿಲವರೆಗೆ ಬಂದು ಇನ್ನೊಂದು ಮಾತು ಹೇಳಿದಳು: ಕಾಯಂ ಇರುವವರಿಗಾಗಿ ಒಂದು ಹಾಸಿಗೆ ಖಾಲಿಯಾಗಿದೆ, ಕೇಳುವವರು ಬಹಳ ಜನ ಇದ್ದಾರೆ, ಕರೆದುಕೊಂಡು ಹೋಗಲು ಬಂದಾಗ ಏನೆಂದು ಹೇಳಿ.

ನಾನು ಒಳಗೊಳಗೆ ಹೂಂ ಅಂದಾಗಿತ್ತು. ಅದನ್ನು ಮುಚ್ಚಿಡುವುದೇಕೆ? ನನಗೆ ಸಾಕಾಗಿತ್ತು.

ಎರಡನೆಯ ದಿನ ಬೇಕಾದಷ್ಟು ಮಲಗಿದೆ. ಎದ್ದ ಮೇಲೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಹಿಂಜವಾಡಿಯಲ್ಲಿರುವ ಹಳೆಯ ಗೆಳತಿಗೆ ಫೋನು ಮಾಡಿದೆ. "ಅಯ್ಯೋ, ಎಷ್ಟು ವರ್ಷ ಆತs ನಿನ್ನ ದನಿ ಕೇಳಿ! ಈ ವಾರ ಮನ್ಯಾಗ ಮಂದಿ ಅದಾರ, ಮುಂದಿನ ಐತವಾರ ಬಾ" ಎಂದಳು. ನನಗೆ ಬೇಕಿದ್ದದ್ದು ಮುಂದಿನ ಭಾನುವಾರವಲ್ಲ, ಇವತ್ತು. ಅವಳ ತಪ್ಪೇನೂ ಇಲ್ಲ. ಮದುವೆ, ಮುಂಜಿವೆ, ಸಿನಿಮಾ ಎಂದು ಅವಳು ಕರೆದಾಗಲೆಲ್ಲ ಆಗುವುದಿಲ್ಲ ಎಂದವಳು ನಾನೇ. ಅಕ್ಕನನ್ನು ನೋಡಿಕೊಳ್ಳುತ್ತೇನೆಂದು ಜನ ನನ್ನನ್ನು ದೇವತೆ ಮಾಡಿ ಕೂರಿಸಿದ್ದಾರೆ. ದೇವತೆಯನ್ನು ಯಾರೂ ಚಹಾಕ್ಕೆ ಕರೆಯುವುದಿಲ್ಲ.

ಮೂರನೆಯ ದಿನ ಸಂಜೆ ಸುಮ್ಮನೆ ಬಸ್ಸು ಹತ್ತಿ ಪೇಟೆಗೆ ಹೋದೆ. ಒಂದು ಸೀರೆ ನೋಡಿದೆ, ಕೊಳ್ಳಲಿಲ್ಲ. ಉಟ್ಟರೆ ನೋಡುವವರು ಯಾರು ಅನ್ನಿಸಿತು. ದಿನವೆಲ್ಲ ಕನ್ನಡದಲ್ಲಿ ಒಂದು ಮಾತೂ ಆಡಿರಲಿಲ್ಲ ಎಂಬುದು ಮನೆಗೆ ಬಂದು ಬೀಗ ತೆಗೆಯುವಾಗ ಹೊಳೆಯಿತು. ಅಳು ಬಂತು. ಅಕ್ಕನ ನೆನಪಿಗೆ ಅತ್ತೆನೆಂದರೆ ಕೇಳಲು ಚೆಂದ, ಆದರೆ ಅತ್ತಿದ್ದು ನನಗಾಗಿಯೇ. ಅವಳನ್ನು ಕಾಯಂ ಅಲ್ಲಿ ಬಿಟ್ಟರೆ ನನ್ನ ಸೊಂಟ ಉಳಿಯುತ್ತದೆ, ಮಿಕ್ಕ ದಿನಗಳು ಇದೇ ರೀತಿ ಇರುತ್ತವೆ. ಆದರೂ ಹೂಂ ಅನ್ನುವುದೇ ಸರಿ ಎಂದುಕೊಂಡೆ. ನಾಳೆ ನಾನು ಬಿದ್ದರೆ ಅವಳಿಗೆ ಯಾರಿದ್ದಾರೆ?

ನಾಲ್ಕನೆಯ ದಿನ ಹೋದಾಗ ಅಕ್ಕ ವರಾಂಡದಲ್ಲಿ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಗಲ್ಲ ತುಂಬಿಕೊಂಡಿತ್ತು, ಜಡೆಗೆ ಯಾರೋ ಅಬೋಲಿ ಹೂವು ಮುಡಿಸಿದ್ದರು. ಆ ಹೆಂಗಸು ನಗುತ್ತಾ ಹೇಳಿದಳು: ಚೆನ್ನಾಗಿ ಉಂಡಳು, ಹಾಡಿಗೆ ಚಪ್ಪಾಳೆ ತಟ್ಟಿದಳು, ಒಂದೇ ಚಿಂತೆ ಅವಳಿಗೆ. ನಮ್ಮ ಕೈ ಹಿಡಿದು ಎಳೆದು ಗೇಟಿನವರೆಗೆ ಕರೆದೊಯ್ದು, ರಸ್ತೆ ತೋರಿಸಿ ಏನೋ ಕೇಳುತ್ತಿದ್ದಳು, ನಿಮ್ಮ ಭಾಷೆ ನಮಗೆ ಗೊತ್ತಾಗಲಿಲ್ಲ.

ಅಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ತಂಗೀ, ನಿನ್ನ ರಸ್ತಾ ಯಾರು ದಾಟಿಸಿದ್ರು?"

ನನಗೆ ಮೊದಲು ತಲೆಬುಡ ತಿಳಿಯಲಿಲ್ಲ. ದಿನಾ ಬೆಳಗ್ಗೆ ಮಾರ್ಕೆಟ್ ಯಾರ್ಡಿನ ಮುಂದೆ, ಲಾರಿ ಟೆಂಪೋಗಳ ನಡುವೆ ಅವಳ ಕೈ ಬಿಗಿಯಾಗಿ ಹಿಡಿದು ದಾಟುವವಳು ನಾನು. ಹಾಗೆಂದು ನಾನು ತಿಳಿದಿದ್ದೆ.

"ನಾನs ದಾಟಿದೆ. ಅದರಾಗೇನದ?" ಎಂದೆ.

"ಒಬ್ಬಾಕೀನs?"

"ಹೌದು, ಒಬ್ಬಾಕೀನs."

ಅಕ್ಕ ತೊಡೆಯ ಮೇಲಿನ ಚೀಲವನ್ನು ತೆಗೆದು ನೆಲದ ಮೇಲಿಟ್ಟಳು. "ಹಂಗಾರ ನಾ ಯಾಕ ಬರ್ಲಿ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಕೆಲಸ ಮುಗಿದವರು ಕೇಳುವ ಹಾಗೆ ಕೇಳಿದಳು. ಆ ಹೆಂಗಸು ಹತ್ತಿರವೇ ನಿಂತು ಹಾಸಿಗೆಯ ಬಗ್ಗೆ ನನ್ನ ಉತ್ತರಕ್ಕೆ ಕಾಯುತ್ತಿದ್ದಳು. ಹೂಂ ಅಂದುಬಿಟ್ಟರೆ ಅಕ್ಕ ಅಳದೆ ಕರೆಯದೆ ಒಳಗೆ ಹೋಗುತ್ತಿದ್ದಳು. ಅಷ್ಟು ಸುಲಭವಿತ್ತು.

"ದಾಟಿದೆ ಅಕ್ಕಾ, ಖರೆ. ಆದ್ರ ಭಾಳ ಅಂಜಿಕಿ ಬಂತು" ಎಂದೆ. ಅವಳನ್ನು ಸಮಾಧಾನ ಮಾಡಲು ಒಂದು ಸುಳ್ಳು ಎಂದುಕೊಂಡೇ ಬಾಯಿ ತೆರೆದಿದ್ದೆ. ಹೇಳಿ ಮುಗಿಸುವಷ್ಟರಲ್ಲಿ ಅದು ಸುಳ್ಳಾಗಿ ಉಳಿದಿರಲಿಲ್ಲ.

ಅಕ್ಕ ಚೀಲ ಎತ್ತಿಕೊಂಡಳು. "ನನಗ ಗೊತ್ತಿತ್ತು" ಎಂದಳು.

ಹಾಸಿಗೆಯನ್ನು ಬೇರೆಯವರಿಗೆ ಕೊಡಿ, ಎರಡು ತಿಂಗಳಿಗೊಮ್ಮೆ ನಾಲ್ಕು ದಿನ ಮಾತ್ರ ನಮಗಿರಲಿ ಎಂದು ಆ ಹೆಂಗಸಿಗೆ ಹೇಳಿದೆ. ಅವಳು ನನ್ನ ಸೊಂಟದ ಕಡೆ ನೋಡಿ ತಲೆ ಅಲ್ಲಾಡಿಸಿದಳು. ಗೇಟಿನಾಚೆ ರಸ್ತೆಯಲ್ಲಿ ಕಂಪನಿಯ ಬಸ್ಸುಗಳು ಒಂದರ ಹಿಂದೊಂದು ಬರುತ್ತಿದ್ದವು. ಅಕ್ಕ ನನ್ನ ಮಣಿಕಟ್ಟು ಹಿಡಿದು, ಇನ್ನೊಂದು ಕೈಯನ್ನು ಬಸ್ಸುಗಳತ್ತ ಚಾಚಿ, "ನಿಂದ್ರಿ, ನಮ್ಮ ತಂಗಿ ಬರಾಕತ್ಯಾಳ" ಎಂದು ಕೂಗಿದಳು.