ಬಲಕ್ಕೆ ತಿರುಗಿದಾಗ ಮಾತ್ರ

ಯಳಂದೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನಾನು, ಕಾರಿನ ವಿಷಯದಲ್ಲೂ ವಿಜ್ಞಾನಿಯೆಂದೇ ನಂಬಿದ್ದೆ. ಹಳೆಯ ಕಾರೊಂದನ್ನು ಕೊಂಡು ನಾಲ್ಕು ತಿಂಗಳಾಗುವಷ್ಟರಲ್ಲಿ ಅದು ಗುಂಯ್‌ಗುಡತೊಡಗಿತು. ವೇಗ ಹೆಚ್ಚಿದಂತೆ ಸದ್ದೂ ಏರುತ್ತಿತ್ತು. ಕೊಳ್ಳೇಗಾಲದ ಟೈರಿನಂಗಡಿಗೆ ಹೋಗಿ, ಮುಂದಿನ ಎರಡೂ ಟೈರು ಬದಲಾಯಿಸಿ ಎಂದೆ.

"ಟೈರು ಚೆನ್ನಾಗವೆ ಸಾ. ಬೇರೆ ಏನೋ ಇರ್ಬೇಕು," ಎಂದ ಅಂಗಡಿಯವನು.

ಘರ್ಷಣೆಯ ಬಗ್ಗೆ ಅವನಿಗೊಂದು ಸಣ್ಣ ಪಾಠ ಮಾಡಿದೆ. ಅವನು ಪಾಪ, ಜಾಕ್ ತಂದ. ಹೊಸ ಟೈರುಗಳ ಮೇಲೂ ಕಾರು ಹಾಗೆಯೇ ಗುಂಯ್‌ಗುಟ್ಟಿತು. ರಸ್ತೆಯೇ ಒರಟು ಎಂದು ಹೆಂಡತಿಗೆ ಹೇಳಿದೆ.

ಅದಾದ ವಾರಕ್ಕೆ ಅತ್ತೆಯನ್ನು ಮನೆಗೆ ಕರೆತರಲು ಹೂಗ್ಯಂಗೆ ಹೋದೆ. ಅವರು ಅಲ್ಲಿ ಮೂವತ್ತು ವರ್ಷದಿಂದ ಹಿಟ್ಟಿನ ಮಿಲ್ಲು ನಡೆಸುತ್ತಿರುವವರು. ಹಿಂದಿನ ಸೀಟಿನ ಎಡಬದಿಗೆ ಕೂತರು. ಹನೂರಿನ ಕಡೆಗೆ ನಾಲ್ಕು ತಿರುವು ದಾಟಿದೆವು. ಆಮೇಲೆ, "ಅಳಿಯಂದ್ರೇ, ಬೇರಿಂಗ್ ಓಗ್ಬುಟ್ಟದೆ ನೋಡಿ," ಎಂದರು.

"ಅದು ರಸ್ತೆ ಸದ್ದು ಅತ್ತೆ."

"ರಸ್ತೆ ಬಲಕ್ ತಿರುಗ್ದಾಗ್ ಮಾತ್ರ ಕೂಗ್ತದಾ? ಎಡಕ್ ತಿರುಗ್ದ್ರೆ ಸುಮ್ನಾಯ್ತದೆ. ಎಡಗಡೆ ಹಿಂದ್ಲ ಚಕ್ರ. ನಾನ್ ಕೂತಿರೋ ತಾವೇ ನಡುಗ್ತಾ ಅದೆ."

ಮುಂದಿನ ಬಲತಿರುವಿನಲ್ಲಿ ಕಿವಿಗೊಟ್ಟೆ. ಗುಂಯ್! ಎಡತಿರುವಿನಲ್ಲಿ ಸದ್ದು ಅಡಗಿತು. ಬಸ್ಸು ಬಲಕ್ಕೆ ತಿರುಗಿದಾಗ ಜನ ಎಡಕ್ಕೆ ವಾಲುತ್ತಾರೆ, ಭಾರವೆಲ್ಲ ಎಡಚಕ್ರಗಳ ಮೇಲೆ ಬೀಳುತ್ತದೆ ಎಂದು ಹದಿನೆಂಟು ವರ್ಷದಿಂದ ಬೋರ್ಡಿನ ಮೇಲೆ ಬಾಣ ಬರೆದು ತೋರಿಸುತ್ತಿದ್ದವನು ನಾನೇ. ಆ ಬಾಣ ನನ್ನ ಕಾರಿಗೂ ಅನ್ವಯಿಸುತ್ತದೆಂದು ಹೊಳೆದಿರಲಿಲ್ಲ.

ಹನೂರಿನ ಗ್ಯಾರೇಜಿನಲ್ಲಿ ನಿಲ್ಲಿಸಿ, "ಎಡಗಡೆ ಹಿಂದಿನ ಬೇರಿಂಗ್," ಎಂದೆ. ಮೆಕ್ಯಾನಿಕ್ ಕಾರನ್ನೆತ್ತಿ ಚಕ್ರವನ್ನು ಕೈಯಲ್ಲಿ ತಿರುಗಿಸಿದ. ಒಳಗೆ ಮರಳು ಅರೆದಂತೆ ಗರಗರ ಎಂದಿತು.

"ಸರ್ಯಾಗಿ ಎಂಗ್ ಕಂಡಿಡುದ್ರಿ ಸಾ? ಸುಮಾರ್ ಜನ ಸುಮ್ನೆ ಟೈರ್ ಬದಲಾಯ್ಸ್ಕಂಡು ಬತ್ತಾರೆ."

ನಾಲಿಗೆ ತಡೆಯಲಿಲ್ಲ. "ಎಲ್ಲಾ ಭೌತಶಾಸ್ತ್ರ," ಎಂದುಬಿಟ್ಟೆ. ಬೆಂಚಿನ ಮೇಲೆ ಕೂತಿದ್ದ ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಅವನು ಬಗ್ಗಿ ಮುಂದಕ್ಕೆ ನೋಡಿದ. "ಮುಂದ್ಲವು ಎರಡೂ ಒಸಾ ಟೈರು?"

"ಅದೂ ಅದೇ ಶಾಸ್ತ್ರ ಕಣಪ್ಪಾ," ಎಂದರು ಅತ್ತೆ.

ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ಕಂಡುಹಿಡಿದವರು ಅವರೇ ಎಂದು ಒಪ್ಪಿಕೊಂಡೆ. ಆ ಕ್ಷಣದಿಂದ ಮೆಕ್ಯಾನಿಕ್‌ನ ಪಾಲಿಗೆ ನಾನು ಬರೀ ಡ್ರೈವರ್. ಬಿಚ್ಚಿದ ಬೇರಿಂಗನ್ನು ಒರೆಸಿ ಅತ್ತೆಯ ಕೈಗೇ ಕೊಟ್ಟ. ಅವರು ಅದನ್ನು ಕಿವಿಯ ಹತ್ತಿರ ಹಿಡಿದು ತಿರುಗಿಸಿ, "ಒಳಕ್ಕೆ ನೀರು ಓಗ್ಬುಟ್ಟದೆ, ಗ್ರೀಸೆಲ್ಲಾ ಬೆಳ್ಳಗಾಗ್ಯದೆ," ಎಂದರು. "ಅದೇಯಾ ಅವ್ವಾ," ಎಂದು ಅವನು ತಲೆಯಾಡಿಸಿದ. ಇಬ್ಬರೂ ಮಿಲ್ಲಿನ ಬೆಲ್ಟು, ಶಾಫ್ಟುಗಳ ಮಾತಿಗೆ ಇಳಿದರು. ನನಗೂ ಟೀ ಬಂತು, ಕೊನೆಯಲ್ಲಿ.

ಹೊಸ ಬೇರಿಂಗ್ ಕೂತ ಮೇಲೆ ಕಾರು ಬೆಣ್ಣೆಯಂತೆ ಓಡಿತು. ಒಂದಿಷ್ಟೂ ಸದ್ದಿಲ್ಲ. ಹಾಗಾಗಿ ನಾನು ಗೇರು ಹಾಕುವ ಚಂದದ ಬಗ್ಗೆ ಅತ್ತೆ ಹೇಳಿದ್ದೆಲ್ಲ ಯಳಂದೂರು ಮುಟ್ಟುವವರೆಗೂ ಸ್ಪಷ್ಟವಾಗಿ ಕೇಳಿಸಿತು.