ಎತ್ತಿನ ಕೊಂಬಿಗೆ ಕಟ್ಟಿದ ಪರವಾನಗಿ

೧೯೪೩ರ ಜುಲೈ ತಿಂಗಳ ಎರಡನೆಯ ವಾರ, ಬುಧವಾರ ಬೆಳಗ್ಗೆ, ಕೊಪ್ಪಳದ ನಮ್ಮ ಸಾಲೆಯ ಆವರಣದಲ್ಲಿ ಆರು ಮಂದಿ ವಿದ್ಯಾರ್ಥಿನಿಯರ ಹಾಜರಿಯನ್ನು ಪರದೆ ಕಟ್ಟಿದ ಎತ್ತಿನ ಗಾಡಿಯ ಪಕ್ಕದಲ್ಲಿ ನಿಂತು ತೆಗೆದುಕೊಳ್ಳಲಾಯಿತು. ಹುಡುಗಿಯರು ಗಾಡಿಯಿಂದ ಇಳಿಯಲಿಲ್ಲ. ಆವರಣದ ಗಾಡಿಗಳ ಪರವಾನಗಿ ಆಗ ನನ್ನ ಸುಪರ್ದಿಯಲ್ಲಿತ್ತು. ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಬರೆಯುತ್ತಿದ್ದೇನೆ.

ನಾನು ಪತ್ರಿಕೆಯ ಕೆಲಸಕ್ಕೆ ಸೇರುವ ಮೊದಲು ಆ ಸಾಲೆಯಲ್ಲಿ ಕನ್ನಡ ಮತ್ತು ಲೆಕ್ಕ ಕಲಿಸುತ್ತಿದ್ದೆ. ಸಾಲೆಯ ಆವರಣ ದೊಡ್ಡದು. ಮುಂದೆ ರಸ್ತೆಗೆ ಒಂದು ಗೇಟು, ಸಾಲು ಬೇವಿನ ಮರ, ಮೂಲೆಯಲ್ಲಿ ಸಿಹಿನೀರಿನ ಬಾವಿ. ನೆರಳು ಮತ್ತು ನೀರು ಎರಡೂ ಒಂದೇ ಕಡೆ ಸಿಗುವ ಜಾಗ ಊರಿನಲ್ಲಿ ಬೇರೆ ಇರಲಿಲ್ಲ. ಸಂತೆಯ ದಿನ ಯಲಬುರ್ಗಿ ಕಡೆಯ ಜೋಳದ ಗಾಡಿಗಳು, ಆನೆಗೊಂದಿಯ ಬಾಳೆಗೊನೆಯ ಗಾಡಿಗಳು ಅಲ್ಲಿಯೇ ಬಂದು ಕೊಳ್ಳ ಹರಿದು ಎತ್ತುಗಳನ್ನು ನೀರಿಗೆ ಬಿಡುತ್ತಿದ್ದವು. ಉಳಿದ ದಿನ ಸ್ಟೇಷನ್ನಿನ ಟಾಂಗಾಗಳು, ಮಕ್ಕಳನ್ನು ಬಿಡಲು ಬಂದ ಹಳ್ಳಿಯ ಗಾಡಿಗಳು, ಮಾಸ್ತರರ ಮೂರು ಸೈಕಲ್ಲು. ನಾನು ಕಿಟಕಿಯೊಳಗೆ ಭಾಗಾಕಾರ ಹೇಳಿಕೊಡುವಾಗ ಕಿಟಕಿಯ ಹೊರಗೆ ಎತ್ತೊಂದು ನನ್ನನ್ನೇ ನೋಡುತ್ತ ಮೆಲುಕು ಹಾಕುತ್ತಿರುವುದು ವಾಡಿಕೆಯಾಗಿತ್ತು.

ಆ ವರ್ಷದ ಬೇಸಿಗೆಯ ಸೂಟಿಯಲ್ಲಿ ಹೆಡ್‌ಮಾಸ್ತರರು ಹೈದರಾಬಾದಿಗೆ ಹೋಗಿ ಅಲ್ಲಿಯ ವಿಶ್ವವಿದ್ಯಾಲಯದ ಆವರಣವನ್ನು ನೋಡಿ ಬಂದರು. ಅಲ್ಲಿ ಮೋಟಾರುಗಳು ಗೆರೆ ಎಳೆದಂತೆ ನಿಂತಿದ್ದವಂತೆ. ಪ್ರತಿಯೊಂದಕ್ಕೂ ಚೀಟಿ ಅಂಟಿಸಿತ್ತಂತೆ.

"ಚೀಟಿ ಇಲ್ಲದ ಒಂದ ಗಾಡಿ ಒಳಗ ಬಿಡಂಗಿಲ್ಲ ನೋಡ್ರಿ ಅಲ್ಲಿ," ಎಂದರು.

"ಅಲ್ಲಿ ಮೋಟಾರು ಅದಾವ್ರಿ ಸರ್. ನಮ್ಮಲ್ಲಿ ಎತ್ತು ಅದಾವ," ಎಂದೆ.

"ಇಂತಜಾಮು ಅಂದ್ರ ಎಲ್ಲಾ ಕಡಿ ಇಂತಜಾಮ ರೀ ಮಾಸ್ತರ. ನೀವ ಮಾಡ್ರಿ."

ಮಾಡಿದೆ. ಆ ಇಂತಜಾಮಿಗೆ, ಎಂದರೆ ವ್ಯವಸ್ಥೆಗೆ, ಸೀಮೆಎಣ್ಣೆಯ ಹಳೆಯ ಡಬ್ಬಿಗಳನ್ನು ಕತ್ತರಿಸಿ ಇಪ್ಪತ್ತನಾಲ್ಕು ತಗಡಿನ ಬಿಲ್ಲೆ ಮಾಡಿಸಿದೆ. ಒಂದೊಂದಕ್ಕೂ ಸಂಖ್ಯೆ ಹೊಡೆಸಿ, ತೂತು ಕೊರೆಸಿ, ಹುರಿ ಪೋಣಿಸಿದೆ. ಅರ್ಜಿ ಉರ್ದುವಿನಲ್ಲಿರಬೇಕು, ತಾರೀಖು ಸರ್ಕಾರಿ ಫಸಲಿ ವರ್ಷದ್ದಿರಬೇಕು, ಬಿಲ್ಲೆ ಇಲ್ಲದ ಗಾಡಿ ಗೇಟಿನೊಳಗೆ ಬರತಕ್ಕದ್ದಲ್ಲ. ಹೀಗೆ ಕನ್ನಡದಲ್ಲೂ ಉರ್ದುವಿನಲ್ಲೂ ನಿಯಮ ಬರೆದು ಹಲಗೆಯೊಂದನ್ನು ಗೇಟಿಗೆ ತೂಗುಹಾಕಿದೆ. ಅರ್ಜಿ ಹಾಕುವವರಿಗೆ ಉರ್ದು ಬರೆಯಲು ಬಾರದ ಕಾರಣ ಇಪ್ಪತ್ತನಾಲ್ಕು ಅರ್ಜಿಗಳನ್ನೂ ನಾನೇ ಬರೆದು, ನಾನೇ ಸ್ವೀಕರಿಸಿ, ನಾನೇ ಮಂಜೂರು ಮಾಡಿದೆ. ಬಿಲ್ಲೆಯನ್ನು ಎಲ್ಲಿ ಕಟ್ಟಬೇಕು ಎಂದು ಮಾತ್ರ ಹಲಗೆಯಲ್ಲಿ ಬರೆಯಲಿಲ್ಲ. ಗಾಡಿಯ ಬಿಲ್ಲೆಯನ್ನು ಗಾಡಿಗೆ ಕಟ್ಟುತ್ತಾರೆ ಎಂದುಕೊಂಡಿದ್ದೆ.

ಏಳನೆಯ ಸಂಖ್ಯೆಯ ಬಿಲ್ಲೆ ಪರದೆ ಗಾಡಿಯದು. ಸಾಲೆಯ ಹಿಂದಿನ ಕೋಣೆಯಲ್ಲಿ ಎರಡು ವರ್ಷದಿಂದ ಹುಡುಗಿಯರ ವರ್ಗವೊಂದು ನಡೆಯುತ್ತಿತ್ತು. ಅದಕ್ಕೆ ಒಬ್ಬರೇ ಶಿಕ್ಷಕಿ. ಗಂಗಾವತಿಯವರು, ಸಣ್ಣ ವಯಸ್ಸಿನಲ್ಲಿಯೇ ಗಂಡನನ್ನು ಕಳೆದುಕೊಂಡವರು. ಎಲ್ಲರೂ ಅವರನ್ನು ಉಸ್ತಾನಿ ಎನ್ನುತ್ತಿದ್ದರು. ಪಟ್ಟಿಯಲ್ಲಿ ಹನ್ನೊಂದು ಹುಡುಗಿಯರಿದ್ದರು. ಐವರು ನಡೆದು ಬರುವವರು. ಆರು ಮಂದಿ ಒಂದೇ ಓಣಿಯ ಮುಸ್ಲಿಂ ಮನೆಗಳವರು. ಅದೇ ಓಣಿಯ ಮುದುಕನೊಬ್ಬ ಅವರನ್ನು ಪರದೆ ಕಟ್ಟಿದ ಗಾಡಿಯಲ್ಲಿ ಕರೆತರುತ್ತಿದ್ದ. ಮನೆಯವರ ಷರತ್ತು ಒಂದೇ: ಗಾಡಿಯ ಹಿಂಬದಿ ಕೋಣೆಯ ಹಿಂಬಾಗಿಲಿಗೆ ತಾಗಿ ನಿಲ್ಲಬೇಕು, ಹುಡುಗಿಯರು ಪರದೆಯೊಳಗಿನಿಂದ ನೇರ ಕೋಣೆಗೆ ಕಾಲಿಡಬೇಕು.

ಜೂನ್ ತಿಂಗಳಲ್ಲಿ ತಾಲೀಮಾತ್ ಕಚೇರಿಯಿಂದ, ಎಂದರೆ ಸಾಲೆಗಳ ಇಲಾಖೆಯಿಂದ, ಕಾಗದವೊಂದು ಬಂತು. ತಪಾಸಣೆಯ ದಿನ ಹತ್ತಕ್ಕಿಂತ ಕಡಿಮೆ ಹುಡುಗಿಯರು ಹಾಜರಿದ್ದರೆ ವರ್ಗವನ್ನು ಮುಚ್ಚಲಾಗುವುದು ಎಂದು ಅದರಲ್ಲಿತ್ತು. ಉಸ್ತಾನಿ ಆ ಕಾಗದ ಓದಿ ಸೀದಾ ನನ್ನ ಹತ್ತಿರ ಬಂದರು. ಗಾಡಿ ಬಾರದಿದ್ದರೆ ಐವರು, ಐವರಾದರೆ ವರ್ಗವಿಲ್ಲ, ವರ್ಗವಿಲ್ಲದಿದ್ದರೆ ಅವರ ನೌಕರಿಯೂ ಇಲ್ಲ. ಇಷ್ಟನ್ನು ಲೆಕ್ಕ ಬಿಡಿಸಿದಂತೆ ಹೇಳಿ, ನಿಮ್ಮ ಬಿಲ್ಲೆಯ ಕೆಲಸ ನನ್ನ ಗಾಡಿಗೆ ಅಡ್ಡ ಬರಬಾರದು ಮಾಸ್ತರ್, ಎಂದು ಉರ್ದುವಿನಲ್ಲಿ ಎಚ್ಚರಿಸಿದರು. ಬರುವುದಿಲ್ಲ ಎಂದೆ.

ವ್ಯವಸ್ಥೆ ಜಾರಿಯಾದ ಮೂರನೆಯ ದಿನ ಆವರಣದಲ್ಲಿ ಒಂದು ಸುತ್ತು ಹಾಕಿದೆ. ಹದಿನಾಲ್ಕು ಗಾಡಿ ನಿಂತಿದ್ದವು. ಒಂದಕ್ಕೂ ಬಿಲ್ಲೆ ಇರಲಿಲ್ಲ. ಬಿಲ್ಲೆಗಳು ಬಾವಿಯ ಹತ್ತಿರದ ಕಲ್ಲುದೋಣಿಯಲ್ಲಿ ನೀರು ಕುಡಿಯುತ್ತಿದ್ದವು. ಎಲ್ಲರೂ ಅವನ್ನು ಎತ್ತಿನ ಕೊಂಬಿಗೆ ಕಟ್ಟಿದ್ದರು. ಕೆಲವರು ಗೊಂಡೆ ಸೇರಿಸಿ ಕಟ್ಟಿದ್ದರು.

"ಗಾಡಿಗೆ ಕಟ್ಟಬೇಕೋ ಯಪ್ಪಾ, ಎತ್ತಿಗಲ್ಲ," ಎಂದು ಯಲಬುರ್ಗಿ ಕಡೆಯ ರೈತನೊಬ್ಬನಿಗೆ ಹೇಳಿದೆ.

"ಗಾಡಿ ಏನ್ ತಾನ ನಡಕೊಂತ ಬರ್ತೈತೇನ್ರಿ ಮಾಸ್ತರ?"

"ಆದರ ನಿಲ್ಲೂದು ಗಾಡಿ ಅಲ್ಲೇನು?"

"ನಿಲ್ಲೂದಕ್ಕ ಯಾರ ಪರವಾನಗಿ ಬೇಕ್ರೀ? ಕಲ್ಲೂ ನಿಂತಾವ. ಒಳಗ ಬರೂದು ಎತ್ತು. ಅದರ ಮಾರಿ ನೋಡಿ ಬಿಡ್ತಾರ. ಗಾಡಿ ನಮ್ಮ ಮೂರು ಮಂದಿ ಅಣ್ಣತಮ್ಮರದು, ಇವತ್ತು ನನಗ, ನಾಳಿ ಅವಗ. ಎತ್ತು ನಂದು. ಬಿಲ್ಲಿ ನನ್ನ ಹೆಸರಿಗೆ ಕೊಟ್ಟೀರಿ. ಮತ್ತ ನಾ ಯಾವುದಕ್ಕ ಕಟ್ಟಲಿ?"

ಬಿಲ್ಲೆಯನ್ನು ಗಾಡಿಯ ಮೂಕಿಗೆ, ಎಂದರೆ ಮುಂದಿನ ಉದ್ದ ಮರಕ್ಕೆ, ಮೊಳೆ ಹೊಡೆದು ಕೂಡಿಸಬೇಕೆಂದು ಹಲಗೆಯ ಮೇಲೆ ನಾಲ್ಕನೆಯ ಸಾಲು ಬರೆದೆ. ಮೂಕಿಗೆ ಮೊಳೆ ಹೊಡೆಯುವುದು ಅಮಾವಾಸ್ಯೆಯ ಮುಂದೆ ಛಲೋ ಅಲ್ಲ ಎಂದು ಕೆಲವರು ಹೇಳಿದರು. ಅಮಾವಾಸ್ಯೆ ಮುಗಿದ ಮೇಲೆ ಮೊಳೆ ಎಲ್ಲಿ ಸಿಗುತ್ತದೆ ಎಂದು ಕೇಳಿದರು. ಯುದ್ಧದ ಕಾಲ, ಅಂಗಡಿಯಲ್ಲಿ ಮೊಳೆ ನಿಜವಾಗಿಯೂ ಇರಲಿಲ್ಲ. ಸಾಲೆಯ ಪೆಟ್ಟಿಗೆಯಲ್ಲಿದ್ದ ಮೂರನ್ನು ನಾನೇ ಕೊಟ್ಟೆ. ಮೂರು ಗಾಡಿಗಳಿಗೆ ಬಿಲ್ಲೆ ಕೂತಿತು. ಉಳಿದದ್ದು ಹಾಗೆಯೇ ಇತ್ತು.

ಅಷ್ಟರಲ್ಲಿ ಬಿತ್ತನೆ ಸುರುವಾಯಿತು. ಬಿತ್ತನೆಯಲ್ಲಿ ಇಲ್ಲಿ ಎತ್ತಿಗೆ ಎತ್ತು ಮುಯ್ಯಿ. ಇಂದು ನಿನ್ನ ಎತ್ತು ನನ್ನ ಹೊಲಕ್ಕೆ, ನಾಳೆ ನನ್ನದು ನಿನ್ನ ಹೊಲಕ್ಕೆ. ಎತ್ತಿನ ಜೊತೆ ಬಿಲ್ಲೆಯೂ ಹೋಯಿತು. ಹದಿನೈದನೆಯ ಸಂಖ್ಯೆ ಕುಷ್ಟಗಿಯ ದಾರಿಯಲ್ಲಿ ಕಲ್ಲು ಹೇರಿದ ಗಾಡಿಯನ್ನು ಎಳೆಯುತ್ತಿದ್ದುದನ್ನು ನಮ್ಮ ಡ್ರಾಯಿಂಗ್ ಮಾಸ್ತರರು ಕಂಡರು. ಮೂರನೆಯದು ಕೋಣದ ಕೊರಳಲ್ಲಿ ಬಂತು. ನನ್ನ ಪುಸ್ತಕದಲ್ಲಿ ಇದ್ದ ಹೆಸರಿಗೂ ಗೇಟಿನಲ್ಲಿ ಬಂದ ಮೂತಿಗೂ ಸಂಬಂಧ ಉಳಿಯಲಿಲ್ಲ.

ಗೇಟಿನ ಚೌಕೀದಾರ ಓದು ಬಾರದವನು, ಆದರೆ ಅಂಕಿ ಬಲ್ಲವನು. ಒಳಗೆ ಬಂದ ಪ್ರತಿ ಗಾಡಿಯ ಸಂಖ್ಯೆಯನ್ನು ತನ್ನ ವಹಿಯಲ್ಲಿ ಬರೆದು ಮುಂದೆ ಒಂದು ಗೆರೆ ಎಳೆಯುತ್ತಿದ್ದ. ಹೇಳಿದ್ದನ್ನು ಹೇಳಿದಷ್ಟೇ ಮಾಡುವವನು. ಜುಲೈ ಮೊದಲ ವಾರ ಒಂದು ಬೆಳಗ್ಗೆ ಅವನು ಪರದೆ ಗಾಡಿಯನ್ನು ಗೇಟಿನಲ್ಲಿ ನಿಲ್ಲಿಸಿದ. ನಾನು ಗದ್ದಲ ಕೇಳಿ ಹೊರಗೆ ಬಂದೆ.

"ಬಿಲ್ಲಿ ಎಲ್ಲೈತಿ ಚಾಚಾ?" ಎಂದು ಚೌಕೀದಾರ ಮುದುಕನನ್ನು ಕೇಳುತ್ತಿದ್ದ.

"ಎಡಗಡಿ ಎತ್ತಿನ ಕೊಂಬಿನ್ಯಾಗ ಐತಿ."

"ಇಲ್ಲಲ್ಲ."

"ಇದು ನನ್ನ ಎತ್ತಲ್ಲೋ ತಮ್ಮಾ, ಬಾಜೂ ಮನಿಯವರದು. ನಂದು ಅವರ ಹೊಲ ಬಿತ್ತಾಕ ಹೋಗೇತಿ."

"ಹಂಗಾರ ಅದು ಬಿತ್ತಿ ಬಂದ ಮ್ಯಾಲ ನೀ ಬಾ."

"ಒಳಗ ಕುಂತ ಹುಡುಗ್ಯಾರಿಗೆ ಏನ್ ಹೇಳಲಿ? ಎತ್ತು ಸಾಲಿಗೆ ಬಂದಿಲ್ಲ, ನಿಮಗೂ ಸೂಟಿ ಅನ್ನಲೇನು?"

ಪರದೆಯೊಳಗೆ ಕಿಸಕ್ಕನೆ ನಗು ಎದ್ದಿತು. ಆಮೇಲೆ ಒಂದು ದನಿ, "ನಗಬ್ಯಾಡ್ರೇ, ಲೆಕ್ಕದ ತಾಸು ಹೊಂಟೈತಿ," ಎಂದಿತು. ನಾನು ಗೇಟು ತಲುಪುವ ಮೊದಲೇ ಮುದುಕ ಸಿಟ್ಟಿನಲ್ಲಿ ಗಾಡಿ ತಿರುಗಿಸಿದ್ದ. ಆ ದಿನ ವರ್ಗದಲ್ಲಿ ಐವರು.

ಉಸ್ತಾನಿ ಸಂಜೆ ಬಂದು ಒಂದೇ ಮಾತು ಕೇಳಿದರು: ತಪಾಸಣೆಯ ದಿನವೂ ಹೀಗೆಯೇ ಆಗುವುದೋ? ನಾನು ಅವರ ಎದುರಿಗೇ ಚೌಕೀದಾರನನ್ನು ಕರೆದು, ಪರದೆ ಗಾಡಿಗೆ ಯಾವ ಎತ್ತು ಹೂಡಿದ್ದರೂ ಒಳಗೆ ಬಿಡು ಎಂದು ಹೇಳಿದೆ. "ಏಳು ಅಂತ ಬರೀಲ್ಯಾ?" ಎಂದು ಕೇಳಿದ. ಬರಿ ಎಂದೆ.

ತಪಾಸಣೆಯ ಬುಧವಾರ ಇನ್ಸ್‌ಪೆಕ್ಟರ್ ಸಾಹೇಬರ ಮೋಟಾರು ಹೇಳಿದ ವೇಳೆಗಿಂತ ಅರ್ಧ ತಾಸು ಮೊದಲೇ ಬಂತು. ಪೆಟ್ರೋಲಿನ ಅಭಾವದಿಂದ ಆಗ ಮೋಟಾರುಗಳು ಇದ್ದಿಲಿನ ಗ್ಯಾಸಿನ ಮೇಲೆ ಓಡುತ್ತಿದ್ದವು. ಹಿಂದೆ ಒಂದು ಒಲೆ. ಒಮ್ಮೆ ಆರಿಸಿದರೆ ಮತ್ತೆ ಹೊತ್ತಿಸಿ ಹೊರಡಿಸಲು ಬಹಳ ಹೊತ್ತು ಬೇಕು. ಸಾಹೇಬರು ಮುಂದೆ ಇಳಿದರು. ನಾನೂ ಹೆಡ್‌ಮಾಸ್ತರರೂ ಅವರನ್ನು ಎದುರುಗೊಳ್ಳುತ್ತಿದ್ದೆವು. ಡ್ರೈವರು ನೆರಳು ಹುಡುಕಿಕೊಂಡು ಸಾಲೆಯ ಹಿಂದೆ ಹೋಗಿ, ಹುಡುಗಿಯರ ಕೋಣೆಯ ಹಿಂಬಾಗಿಲಿಗೆ ಒತ್ತಿ ಮೋಟಾರು ನಿಲ್ಲಿಸಿ, ಒಲೆ ಆರಿಸಿ, ಚಹಾ ಕುಡಿಯಲು ಪೇಟೆಗೆ ಹೋದ.

ಪರದೆ ಗಾಡಿ ತನ್ನ ವೇಳೆಗೆ ಬಂತು. ಚೌಕೀದಾರ ಒಳಗೆ ಬಿಟ್ಟ. ಹಿಂದೆ ಹೋದರೆ ಬಾಗಿಲಿನಲ್ಲಿ ಮೋಟಾರು. ಮುದುಕ ಇಪ್ಪತ್ತು ಹೆಜ್ಜೆ ದೂರದಲ್ಲಿ ಗಾಡಿ ನಿಲ್ಲಿಸಿ ನನಗೆ ಹೇಳಿ ಕಳಿಸಿದ. ನಾನು ಓಡಿ ಬಂದು ನೋಡಿದೆ. ನಾಲ್ವರನ್ನು ಹಚ್ಚಿ ಮೋಟಾರು ನೂಕೋಣ ಎಂದೆ. ನನ್ನ ಬೆನ್ನ ಹಿಂದೆಯೇ ಬಂದ ಹೆಡ್‌ಮಾಸ್ತರರು ನನ್ನ ತೋಳು ಹಿಡಿದರು.

"ಸಾಹೇಬರ ಮೋಟಾರಿಗೆ ಯಾರೂ ಕೈ ಹಚ್ಚಬ್ಯಾಡ್ರಿ. ಹುಡುಗ್ಯಾರಿಗೆ ಇಳದು ನಾಕು ಹೆಜ್ಜಿ ನಡಿ ಅನ್ರಿ."

"ಇಳಸಂಗಿಲ್ರಿ," ಎಂದ ಮುದುಕ. "ಆರು ಮನಿಗೆ ಮಾತು ಕೊಟ್ಟೇನಿ. ಗಾಡಿ ಬಾಗಲಕ್ಕ ಹತ್ತಬೇಕು. ಹತ್ತಲಿಲ್ಲಂದ್ರ ತಿರುಗಿ ಮನಿಗೆ."

"ಒಂದ ದಿನದ ಮಾತೋ ಚಾಚಾ!" ಎಂದರು ಹೆಡ್‌ಮಾಸ್ತರರು.

"ಮಾತು ಒಂದ ದಿನ ಮುರದ್ರ ನಾಳಿ ನನ್ನ ಗಾಡ್ಯಾಗ ಯಾರು ಕೂಡ್ತಾರ್ರೀ? ನೀವು ಕೂಡ್ತೀರೇನು?"

ಡ್ರೈವರನನ್ನು ಹುಡುಕಲು ಜವಾನನನ್ನು ಪೇಟೆಗೆ ಓಡಿಸಿದೆ. ಅಷ್ಟು ಹೊತ್ತಿಗೆ ಸಾಹೇಬರು ಮುಂದಿನ ಬಾಗಿಲಿನಿಂದ ಹುಡುಗಿಯರ ಕೋಣೆಗೆ ಬಂದು ತಲೆ ಎಣಿಸಿದ್ದರು. ಐದು. ಉಳಿದವರೆಲ್ಲಿ ಎಂದು ಕೇಳಿದರು. ಆವರಣದಲ್ಲಿದ್ದಾರೆ, ಎಂದರು ಉಸ್ತಾನಿ. ಆವರಣದಲ್ಲಿದ್ದವರು ವರ್ಗದಲ್ಲಿ ಏಕಿಲ್ಲ, ಎಂದರು ಸಾಹೇಬರು. ಉಸ್ತಾನಿ ಮೇಜಿನ ಮೇಲಿದ್ದ ಹಾಜರಿ ಪಟ್ಟಿ ತೆಗೆದುಕೊಂಡು, ಸೆರಗು ಸರಿಮಾಡಿಕೊಂಡು, ಸುತ್ತಿ ಬಂದು ಗಾಡಿಯ ಪಕ್ಕದಲ್ಲಿ ನಿಂತರು. ಒಂದೊಂದೇ ಹೆಸರು ಕೂಗಿದರು. ಪರದೆಯೊಳಗಿನಿಂದ ಆರು ಸಲ "ಹಾಜರ್" ಎಂದು ಬಂತು. ಆರೂ ಬೇರೆ ಬೇರೆ ದನಿ. ಕೊನೆಯ ದನಿ ತೀರ ಸಣ್ಣದು. ಉಸ್ತಾನಿ ಅದನ್ನು ಎರಡನೆಯ ಸಲ ಹೇಳಿಸಿದರು.

ಹಿಂದೆಯೇ ಬಂದು ನಿಂತಿದ್ದ ಸಾಹೇಬರು ಪೂರ್ತಿ ಕೇಳಿದರು. ದನಿಯ ಬಗ್ಗೆ ತಮಗೆ ಸಂಶಯವಿಲ್ಲ, ಆದರೆ ಇವರು ಸಾಲೆಯಲ್ಲಿದ್ದಾರೆ ಎಂದು ಬರೆಯಬಹುದೇ ಎಂಬುದು ಪ್ರಶ್ನೆ, ಎಂದರು. ಗೇಟಿನ ಹಲಗೆಯನ್ನು ಅವರು ಬರುವಾಗಲೇ ಓದಿದ್ದರು. ಬಿಲ್ಲೆ ಇಲ್ಲದ ಗಾಡಿ ಒಳಗೆ ಬರತಕ್ಕದ್ದಲ್ಲ ಎಂದಾದರೆ, ಈ ಗಾಡಿಯ ಬಿಲ್ಲೆ ಎಲ್ಲಿ?

ಹೆಡ್‌ಮಾಸ್ತರರು ನನ್ನನ್ನು ನೋಡಿದರು. ನಾನು ಪುಸ್ತಕ ತೆರೆದು ಏಳನೆಯ ಸಂಖ್ಯೆ ತೋರಿಸಿದೆ.

ಬಿಲ್ಲೆ ತೋರಿಸಿ, ಎಂದರು ಸಾಹೇಬರು.

ಎತ್ತಿನ ಕೊಂಬಿನಲ್ಲಿದೆ, ಎಂದೆ. ಎತ್ತೆಲ್ಲಿ? ಬಿತ್ತನೆಗೆ ಹೋಗಿದೆ. ಹಾಗಾದರೆ ಪರವಾನಗಿ ಯಾರಿಗೆ, ಗಾಡಿಗೋ ಎತ್ತಿಗೋ? ಗಾಡಿಗೆ. ಮತ್ತೆ ಎತ್ತಿಗೆ ಏಕೆ ಕಟ್ಟಿದ್ದಾರೆ? ಈ ಪ್ರಶ್ನೆಗೆ ಒಂದು ತಿಂಗಳಿನಿಂದ ನಾನು ಉತ್ತರ ಹುಡುಕುತ್ತಿದ್ದೆ. ಗೊತ್ತಿಲ್ಲ ಎಂದೆ. ಉಸ್ತಾನಿ ಹಾಜರಿ ಪಟ್ಟಿಯನ್ನು ಎದೆಗೆ ಒತ್ತಿ ಹಿಡಿದು ನನ್ನನ್ನೇ ನೋಡುತ್ತಿದ್ದರು.

ಗಾಡಿಯ ಹಿಂದೆಯೇ ಬಂದಿದ್ದ ಚೌಕೀದಾರ ತನ್ನ ವಹಿ ಹಿಡಿದುಕೊಂಡು ಅಲ್ಲಿಯೇ ಇದ್ದ. ಅವನಿಗೆ ತನ್ನ ಲೆಕ್ಕದ ಚಿಂತೆ ಹತ್ತಿತ್ತು.

"ಮಾಸ್ತರ್ರ, ಬಿಲ್ಲಿ ಇಲ್ಲಂದ್ರ ಈ ಗಾಡಿ ಒಳಗ ಬಂದಿಲ್ಲಂತ ಗೆರಿ ಹೊಡದು ಹಾಕ್ಲೇನ್ರಿ?"

ಅವನು ವಹಿಯ ಮೇಲಿಟ್ಟ ಬೆರಳನ್ನು ಮೇಲಿನ ಸಾಲಿಗೆ ಸರಿಸಿದ.

"ಹಂಗಾರ ಆ ಮೋಟಾರಿಂದೂ ಹೊಡದು ಹಾಕ್ಬೇಕ್ರಿ. ಅದಕ್ಕೂ ಬಿಲ್ಲಿ ಇಲ್ಲ. ಸಾಹೇಬ್ರು ಇವತ್ತು ಬಂದಿಲ್ಲಂತ ಆಗ್ತೈತಿ. ಆಮ್ಯಾಲ ನನ್ನ ಬೈಬ್ಯಾಡ್ರಿ."

ಅವನು ವ್ಯಂಗ್ಯ ಮಾಡುವವನಲ್ಲ. ಪೆನ್ಸಿಲನ್ನು ಕಿವಿಯಿಂದ ತೆಗೆದು ಕೈಯಲ್ಲಿ ಹಿಡಿದಿದ್ದ. ಹೆಡ್‌ಮಾಸ್ತರರು, "ಏ, ಸುಮ್ನಿರೋ!" ಎಂದು ಗದರಿದರು. ಸಾಹೇಬರಿಗೆ ಕನ್ನಡ ಅಷ್ಟಾಗಿ ಬರುತ್ತಿರಲಿಲ್ಲ; ಇವನು ಏನು ಹೇಳಿದ ಎಂದು ಉಸ್ತಾನಿಯನ್ನು ಕೇಳಿದರು. ಅವರು ಒಂದು ಶಬ್ದ ಬಿಡದೆ ಉರ್ದುವಿನಲ್ಲಿ ಹೇಳಿದರು.

ಸಾಹೇಬರು ತಮ್ಮ ಮೋಟಾರಿನ ಕಡೆ ನೋಡಿದರು. ಅದು ಯಾವ ಬಾಗಿಲಿಗೆ ಅಡ್ಡ ನಿಂತಿದೆ ಎಂಬುದು ಅವರಿಗೆ ಆಗ ತಿಳಿದಿರಬೇಕು. ಉಸ್ತಾನಿಯ ಕೈಯಿಂದ ಪಟ್ಟಿ ತೆಗೆದುಕೊಂಡು, ಹಾಜರು ಹನ್ನೊಂದು ಎಂದು ಬರೆದು ಸಹಿ ಮಾಡಿದರು. ಚೌಕೀದಾರನಿಗೆ ಯಾವುದನ್ನೂ ಹೊಡೆದುಹಾಕಬೇಡ ಎಂದು ಕೈಸನ್ನೆ ಮಾಡಿದರು.

ಡ್ರೈವರು ಸಿಕ್ಕು, ಒಲೆ ಹೊತ್ತಿ, ಮೋಟಾರು ಪಕ್ಕಕ್ಕೆ ಸರಿಯುವ ಹೊತ್ತಿಗೆ ಎರಡು ತಾಸಿನ ಪಾಠ ಮುಗಿದಿತ್ತು. ಗಾಡಿ ಬಾಗಿಲಿಗೆ ತಾಗಿತು. ಹುಡುಗಿಯರು ಒಳಗೆ ಹೋದರು. ನಾನು ಮರುದಿನ ಹೆಡ್‌ಮಾಸ್ತರರಿಗೆ ಬರಹದಲ್ಲಿ ವಿನಂತಿ ಮಾಡಿ ಪರವಾನಗಿಯ ಕೆಲಸದಿಂದ ಬಿಡುಗಡೆ ಕೇಳಿದೆ. ಸಿಗಲಿಲ್ಲ. ಹಲಗೆಗೆ ಐದನೆಯ ಸಾಲು ಸೇರಿಸಲು ಹೇಳಿದರು: ಅಧಿಕಾರಿಗಳ ಮೋಟಾರುಗಳಿಗೆ ಬಿಲ್ಲೆ ಬೇಕಿಲ್ಲ.

ಕಚೇರಿಯ ಹುಕುಂ ಸೆಪ್ಟೆಂಬರಿನಲ್ಲಿ ಬಂತು. ಹುಡುಗಿಯರ ವರ್ಗವನ್ನು ಮುಂದುವರಿಸಬೇಕು ಎಂದಿತ್ತು. ೧೯೪೬ರಲ್ಲಿ ನಾನು ಕೊಪ್ಪಳ ಬಿಟ್ಟಾಗ ಆ ವರ್ಗದ ಪಟ್ಟಿಯಲ್ಲಿ ಹತ್ತೊಂಬತ್ತು ಹೆಸರಿದ್ದವು. ಅವರಲ್ಲಿ ಎಂಟು ಮಂದಿ ಗಾಡಿಯಲ್ಲಿ ಬರುತ್ತಿದ್ದರು. ಉಸ್ತಾನಿ ಅದೇ ಕೋಣೆಯಲ್ಲಿ ಪಾಠ ಹೇಳುತ್ತಿದ್ದರು.