ಹಿಂದಕ್ಕೆ ನಾಲ್ಕು ಗೇರು

ಮದುವೆಗೆ ಹೆದರಿ ಹಿಂದೆ ಸರಿದವರನ್ನು ನೀವು ಕಂಡಿರಬಹುದು. ಹಿಂದೆ ಸರಿಯುತ್ತಲೇ ಮದುವೆ ಮನೆ ತಲುಪಿದವನು ಮಾತ್ರ ನಮ್ಮ ಸೀಮೆಯಲ್ಲಿ ನಾನೊಬ್ಬನೇ.

ಎಂಬತ್ತರ ದಶಕ. ಹೊನ್ನಾಳಿಯಲ್ಲಿ ನನ್ನದು ಶಾಮಿಯಾನ, ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ. ಜೊತೆಗೊಂದು ಹಳೆಯ ಡೀಸೆಲ್ ವ್ಯಾನು. ನ್ಯಾಮತಿ ಕಡೆಯ ನಮ್ಮ ಮಾವ ಹೆಣ್ಣು ಕೊಡಲು ಒಪ್ಪಿದ್ದು ನನ್ನ ಮುಖ ನೋಡಿ ಅಲ್ಲ, ಆ ವ್ಯಾನಿನ ಮುಖ ನೋಡಿ. ಅದನ್ನವರು ಮುಚ್ಚಿಡಲೂ ಇಲ್ಲ. "ಸ್ವಂತ ವ್ಯಾನ್ ಐತೆ ಅಂತ ಕೊಡ್ತಿದೀನಿ. ಮದುವೆ ಹಿಂದಿನ ದಿನ ಮಧ್ಯಾಹ್ನದೊಳಗೆ ಅದ್ರಾಗೇ ಪಾತ್ರೆ ತಂದು ಇಳಿಸ್ರಿ. ಇಲ್ಲಾಂದ್ರೆ ಲಗ್ನದ ಮಾತು ಮತ್ತೆ ಕೂತು ಆಡಣ" ಎಂದಿದ್ದರು. ಈ ಮಾತಾಗಿ ವಾರಕ್ಕೆ ಗೇರ್ ಬಾಕ್ಸ್ ಕೈ ಕೊಟ್ಟಿತು.

ನಮ್ಮ ಮೆಕ್ಯಾನಿಕ್ ಬಾಬು ಸಾಬರು ಧೈರ್ಯದ ಮನುಷ್ಯ. ನಮ್ಮ ವ್ಯಾನಿನ ಬಾಕ್ಸೇ ಬೇಕೆಂದು ಅವರೇನೂ ಹಟ ಹಿಡಿಯಲಿಲ್ಲ. ಗುಜರಿಯಿಂದ ಬೇರೆ ಜಾತಿಯ ಗಾಡಿಯದೊಂದನ್ನು ತಂದು, ಕೊರೆದು, ಬೆಸೆದು, ಕೂರಿಸಿಯೇಬಿಟ್ಟರು. ಅಂತರ್ಜಾತಿ ಸಂಬಂಧಕ್ಕೆ ನಮ್ಮೂರಿನಲ್ಲಿ ಇಷ್ಟು ಸುಲಭವಾಗಿ ಒಪ್ಪಿಗೆ ಸಿಕ್ಕಿದ್ದು ಅದೇ ಮೊದಲು. ಜಾಕ್ ಏರಿಸಿ ಪರೀಕ್ಷೆಯನ್ನೂ ಮಾಡಿದರು. ಚಕ್ರ ತಿರುಗಿದವು. ಯಾವ ಕಡೆಗೆ ಎಂದು ಅವರು ನೋಡಲಿಲ್ಲ, ನಾನೂ ಕೇಳಲಿಲ್ಲ.

ಪಾತ್ರೆ ಹೇರಿದ ದಿನ ಬೆಳಿಗ್ಗೆ ಸಾಬರ ಶೆಡ್ಡಿನ ಮುಂದೆಯೇ ವ್ಯಾನಿಗೆ ಪೂಜೆಯಾಯಿತು. ಮುಂದಿನ ಚಕ್ರಗಳ ಮುಂದೆ ನಿಂಬೆಹಣ್ಣಿಟ್ಟು, ನಾನೇ ಹತ್ತಿ ಮೊದಲನೇ ಗೇರು ಹಾಕಿದೆ. ನಿಂಬೆಹಣ್ಣು ಇದ್ದಲ್ಲೇ ಇದ್ದವು. ವ್ಯಾನು ಹಿಂದಕ್ಕೆ ಹೋಗಿ ಸಾಬರ ನೀರಿನ ಡ್ರಮ್ಮನ್ನು ಉರುಳಿಸಿತು. ಎರಡನೆಯದು ಹಾಕಿದರೆ ಇನ್ನೂ ಜೋರಾಗಿ ಹಿಂದಕ್ಕೆ. ರಿವರ್ಸ್ ಹಾಕಿದಾಗ ಮಾತ್ರ ಗೊರ್ ಎನ್ನುತ್ತ ಮುಂದಕ್ಕೆ ತೆವಳಿತು. ಸಾಬರು ತಲೆ ಮೇಲೆ ಕೈ ಹೊತ್ತು ಕೂತರು. ಆ ಬಾಕ್ಸಿನ ಮೂಲ ಗಾಡಿಯಲ್ಲಿ ಎಂಜಿನ್ನು ಇನ್ನೊಂದು ದಿಕ್ಕಿಗೆ ಮುಖ ಮಾಡಿ ಕೂರುತ್ತಿತ್ತಂತೆ. ಆಮೇಲೆ ಅವರೇ ಸಮಾಧಾನ ಹೇಳಿದರು: "ಗೇರಂತೂ ಬೆಣ್ಣೆ ಹಂಗೆ ಬೀಳ್ತಾವಲ್ಲ ಸಾಮಿ!"

ಒಂದು ಮಾತು ಯೋಚಿಸಿ. ಗಾಡಿ ಕಟ್ಟುವವರೆಲ್ಲ ಮುಂದಕ್ಕೆ ನಾಲ್ಕು, ಹಿಂದಕ್ಕೆ ಒಂದು ಎಂದು ಲೆಕ್ಕ ಹಾಕಿದ್ದಾರೆ. ಮನುಷ್ಯ ಹಿಂದೆ ಹೋಗುವುದು ಅಪರೂಪ, ಹೋದರೂ ನಾಲ್ಕು ಹೆಜ್ಜೆ ಎಂಬ ನಂಬಿಕೆ. ಅವರಿಗೆ ನಮ್ಮ ಮಾವನಂಥವರು ಸಿಕ್ಕಿರಲಿಲ್ಲ, ಪಾಪ.

ಲಗ್ನದ ಕಾಲ, ಬೇರೆ ವಾಹನ ಸಿಗದು. ಸಿಕ್ಕರೂ ಮಾವ ಕಾಯುತ್ತಿದ್ದುದು ಈ ವ್ಯಾನನ್ನು. ಮುಂದಕ್ಕಿದ್ದ ಆ ಒಂದು ಗೇರಿನಲ್ಲಿ ನಮ್ಮ ಡ್ರೈವರ್ ಹೊರಟರೆ ಊರಂಚಿಗೇ ರೇಡಿಯೇಟರ್ ನೀರು ಕುದಿಯಿತು. ಅವನು ಕೈಮುಗಿದು ಇಳಿದುಹೋದ. ಮದುಮಗ ಒಬ್ಬನೇ ಊರು ದಾಟಬಾರದೆಂದು ಅವ್ವ ಬಡಕೊಂಡರೂ ಕೇಳದೆ, ವ್ಯಾನನ್ನು ತಿರುಗಿಸಿ, ಬಲಗಡೆ ಕಿಟಕಿಯಿಂದ ತಲೆ ಹೊರಹಾಕಿ, ನ್ಯಾಮತಿ ರಸ್ತೆಯಲ್ಲಿ ಹಿಂದು ಹಿಂದಾಗಿಯೇ ಹೊರಟೆ. ಮೂರನೇ ಗೇರಿನವರೆಗೂ ಹಾಕಿದೆ. ನಾಲ್ಕನೆಯದಕ್ಕೆ ಎದೆ ಸಾಲಲಿಲ್ಲ.

ದಾರಿಯಲ್ಲಿ ನೀರು ಹಾಕಲು ನಿಲ್ಲಿಸಿದಾಗ ಒಬ್ಬ ಅಜ್ಜಿ, ವ್ಯಾನಿನ ಮೂತಿ ಹೊನ್ನಾಳಿ ಕಡೆಗಿರುವುದನ್ನು ಕಂಡು, ಹೇಳದೆ ಕೇಳದೆ ಹತ್ತಿ ಕೂತಿದ್ದಳು. ಹೊರಟ ಮೇಲೆ ಕೂಗಿಕೊಂಡಳು: "ಯಪ್ಪಾ, ಹೊನ್ನಾಳಿ ದೂರ ಆಗಾಕೆ ಹತ್ತೈತಲ್ಲೋ!" ನಿಲ್ಲಿಸಿ ಇಳಿಸಲು ಹೊತ್ತಿರಲಿಲ್ಲ. ಮದುವೆ ಊಟ ಹಾಕಿಸ್ತೀನಿ ಸುಮ್ಮನಿರಬೇ ಎಂದೆ. ಸುಮ್ಮನಾದಳು.

ಮಧ್ಯಾಹ್ನಕ್ಕೆ ಇನ್ನೂ ಕಾಲು ಗಂಟೆ ಇರುವಾಗ ಹೆಣ್ಣಿನ ಮನೆ ಚಪ್ಪರದ ಮುಂದೆ ವ್ಯಾನಿನ ಬೆನ್ನು ಹೋಗಿ ನಿಂತಿತು. ಮಾವ ಸುತ್ತ ಒಂದು ಸಲ ಬಂದರು. "ಯಾಕ್ರೀ ಹಿಂಗೆ ಬಂದ್ರಿ?"

ನಾನು ಇಳಿದು ಹಿಂದಿನ ಬಾಗಿಲು ತೆಗೆದೆ. "ಪಾತ್ರೆ ಹಿಂದಗಡೆ ಅದಾವಲ್ಲ ಮಾವ. ಇಳಿಸಾಕೆ ಸಲೀಸಾಗ್ಲಿ ಅಂತ."

ಮಾವ ಚಪ್ಪರದಡಿ ಕೂತಿದ್ದ ನೆಂಟರಿಗೆಲ್ಲ ಕೇಳುವಂತೆ ಹೇಳಿದರು: "ನೋಡ್ರಿ, ಎಂಥ ಮುಂದಾಲೋಚನೆ!"

ಮದುವೆ ಉಳಿಯಿತು, ಕುತ್ತಿಗೆ ಉಳಿಯಲಿಲ್ಲ. ಬೆಳಗಾಗುವುದರೊಳಗೆ ಅದು ಬಲಕ್ಕೆ ಹೊರಳಿಕೊಂಡು ಅಲ್ಲೇ ಗಟ್ಟಿಯಾಗಿತ್ತು. ದೇವರ ದಯೆ, ಧಾರೆಯ ಹೊತ್ತಿಗೆ ಹೆಣ್ಣು ಕೂರುವುದು ಬಲಕ್ಕೇ. ನಾನು ರೆಪ್ಪೆ ಮಿಟುಕಿಸದೆ ಅವಳನ್ನೇ ನೋಡುತ್ತ ಕೂತೆ. "ಹುಡ್ಗ ಕಣ್ಣೇ ತೆಗೀವಲ್ಲ" ಎಂದು ಹೆಂಗಸರು ಕಿಸಕ್ಕನೆ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕಿದ್ದು ಆ ಅಜ್ಜಿ.

ತಾಳಿ ಕಟ್ಟಿದ್ದಾಯಿತು. ಇನ್ನು ಹೆಂಡತಿ ಎಡಕ್ಕೆ ಬರಬೇಕು. ಪುರೋಹಿತರು ಕರೆದರು, ಅತ್ತೆ ಕರೆದರು. ಅವಳು ಏಳಲಿಲ್ಲ. ತಲೆ ತಗ್ಗಿಸಿಕೊಂಡೇ, ನನಗೊಬ್ಬನಿಗೆ ಕೇಳುವಷ್ಟು ಮೆಲ್ಲಗೆ ಅಂದಳು: "ನೀವು ತಿರುಗಾಕೆ ಹೋಗಬ್ಯಾಡ್ರಿ. ನೋವು ಇಳಿಯಾತನಕ ನಾನು ಈ ಕಡೇಗೇ ಇರ್ತೀನಿ."

ಅಷ್ಟು ಜನರಲ್ಲಿ ಅದು ಪ್ರೀತಿಯಲ್ಲ, ಉಳುಕು ಎಂದು ಕಂಡುಹಿಡಿದವಳು ಅವಳೊಬ್ಬಳೇ. ನನಗೆ ಕಣ್ಣು ತುಂಬಿಬಂತು. ಕುತ್ತಿಗೆ ಎರಡೇ ದಿನದಲ್ಲಿ ಸರಿಹೋಯಿತು. ಅದನ್ನು ನಾನು ಅವಳಿಗೆ ಹೇಳಿದ್ದು ತಿಂಗಳಾದ ಮೇಲೆ.